ಚಂದ್ರನನ್ನು ಒತ್ತಿದವರು

ಇನ್ನು ಮುಂದೆ ಹೆಂಡತಿಯ ದಂತ ಚಿಕಿತ್ಸಾಲಯದಲ್ಲಿ ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ ಎಂದು ವಿನ್ಯಾಸಕಾರ ಮಹಾಶಯರು ಬೆಳಗಿನ ಕಾಫಿಯ ಮುಂದೆ ಘೋಷಿಸಿದರು. ಬಾಗಿಲ ಬಳಿಯ ಕಂಪ್ಯೂಟರ್ ಪರದೆ ಅವರದೇ ಸೃಷ್ಟಿ. ಬಂದವರು ಬೇಕಾದುದನ್ನು ಒತ್ತಿದರೆ ಸಾಕು, ಸರದಿ ತಾನಾಗಿ ಏರ್ಪಡುತ್ತದೆ: ನೋವಿರುವವರು ಮೊದಲು, ಹೊಳಪು ಬೇಕಾದವರು ಆಮೇಲೆ. ಕಡುನೀಲಿ ಆಕಾಶದ ನಡುವೆ ತಟ್ಟೆಯಗಲದ ಚಂದ್ರ, ಅದರ ಮೇಲೆ ‘ಹಲ್ಲಿಗೆ ಹೊಳಪು’. ಕೆಳಗೆ ಮೂಲೆಯಲ್ಲಿ, ಮಂಜಿನ ಬಣ್ಣದಲ್ಲಿ, ಇರುವೆಗಾತ್ರದ ‘ನೋವಿದೆ’.

“ನೋವನ್ನ ಯಾಕ್ರೀ ಮೂಲೆಗೆ ತಳ್ಳಿದೀರಿ?” ಎಂದಳು ದಂತವೈದ್ಯೆ.

“ಅಂದ ಕೆಡುತ್ತೆ ಕಣೆ. ಯಾವುದು ದೊಡ್ಡದಿರಬೇಕು, ಯಾವುದು ಚಿಕ್ಕದು, ನನ್ನ ವಿದ್ಯೆಯೆಲ್ಲ ಅದರಲ್ಲೇ ಇರೋದು. ಜನರ ಕಣ್ಣನ್ನ ಕಿವಿ ಹಿಡಿದು ಎಳ್ಕೊಂಡು ಹೋಗ್ತೀನಿ, ನೋಡ್ತಿರು.”

ಮಧ್ಯಾಹ್ನದ ಹೊತ್ತಿಗೆ ಅವರದೇ ದವಡೆಹಲ್ಲು ತಕರಾರು ತೆಗೆಯಿತು. ನುಂಗಿದ ಮಾತ್ರೆ ನೋವನ್ನು ಅಲ್ಲೇ ಬಿಟ್ಟು ತಲೆಯನ್ನಷ್ಟೇ ತೇಲಿಸಿತು. ಬೀದಿ ಹತ್ತಿಯಂತೆ ಮೆತ್ತಗಾಯಿತು. ದೀಪದ ಕಂಬಗಳು ಬಾಗಿ ಕ್ಷೇಮ ವಿಚಾರಿಸಿದವು. ಚಿಕಿತ್ಸಾಲಯದ ಬಾಗಿಲು ತೆರೆದರೆ ಎದುರಿಗೆ ಚಂದ್ರೋದಯ. ಇಷ್ಟು ಚೆಲುವಾದದ್ದನ್ನು ಮಾಡಿದ ಪುಣ್ಯಾತ್ಮ ಯಾರಪ್ಪಾ ಎಂದು ಅರೆಗಣ್ಣಲ್ಲೇ ಮೆಚ್ಚುತ್ತ ಬೆರಳು ಚಾಚಿದರು. ಬೆರಳು ಸೀದಾ ಚಂದ್ರನ ಮೇಲೆ!

ಬೆಂಚಿನಲ್ಲಿ ಪಕ್ಕಕ್ಕೆ ನಿವೃತ್ತ ಬಸ್ ಡ್ರೈವರ್, ಕೆನ್ನೆ ಬನ್ನಿನಂತೆ ಊದಿತ್ತು. ಅವರಾಚೆ ದರ್ಜಿಯಮ್ಮ, ಬಾಯಿಗೆ ಕರವಸ್ತ್ರ. ಬೆಳಗಿನಿಂದ ಇಬ್ಬರೂ ಚಂದ್ರಲೋಕದ ಸರದಿಯಲ್ಲಿದ್ದರು. ಒಳಗೆ ವೈದ್ಯೆ ಗಟ್ಟಿಮುಟ್ಟಾದ ಹಲ್ಲುಗಳನ್ನೇ ಉಜ್ಜುತ್ತಿದ್ದಳು. ಹಲ್ಲು ನೋಯುವವನು ಕೂತು ಓದುವುದಿಲ್ಲ, ಕಂಡದ್ದನ್ನು ಒತ್ತುತ್ತಾನೆ; ಅಷ್ಟೂ ತಿಳಿಯದ ಅಂದ ಯಾವ ಸೀಮೆಯ ಅಂದ?

“ನೋವು ಅಂತ ಅದರಲ್ಲಿ ಎಲ್ಲೂ ಇರ್ಲಿಲ್ಲ ಸ್ವಾಮಿ,” ಎಂದರು ಡ್ರೈವರ್. “ನಮ್ಮಂಥೋರು ಬರಲ್ಲ ಅಂದ್ಕೊಂಡಿರಬೇಕು, ಮಾಡಿದೋರು.”

ಮಹಾಶಯರು ಕಣ್ಣು ಮುಚ್ಚಿಕೊಂಡರು. ಬೆಂಚು ಮೋಡವಾಗಿ ಮೇಲೇರಿತು. ಊದಿದ ಕೆನ್ನೆಗಳೆಲ್ಲ ಚಂದ್ರರಾಗಿ ಸುತ್ತ ತೇಲಿದವು. ಅವರೊಬ್ಬರು ಮಾತ್ರ ಮಂಜುಬಣ್ಣದ ಪುಟ್ಟ ಅಕ್ಷರವಾಗಿ ಮೂಲೆಯಲ್ಲಿ ಕೂತು ಕೂಗುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ.

ಸಂಜೆ ಒಳಕೋಣೆಯ ಬಾಗಿಲು ತೆರೆದ ವೈದ್ಯೆ ಕೆನ್ನೆಗಳ ಸಾಲನ್ನು ನೋಡಿದಳು, ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಪರದೆಯ ಪ್ಲಗ್ ಕಿತ್ತು, ಯಾರಿಗೆ ನೋವೆಂದು ಬಾಯಲ್ಲೇ ಕೇಳಿ ಒಬ್ಬೊಬ್ಬರನ್ನೇ ಒಳಗೆ ಕರೆದಳು. ಪತಿದೇವರದು ಕೊನೆಯ ಸರದಿ.

ಕುರ್ಚಿಯಲ್ಲಿ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ಯಾವ ಹಲ್ಲೆಂದು ತಟ್ಟಿ ನೋಡುವೆ, ನೋವಾದರೆ ಕೈ ತೋರಿಸಿ ಎಂದಳು. ತಟ್ಟಿದಳು. ಅವರು ಜೀವವನ್ನೆಲ್ಲ ಒಟ್ಟುಗೂಡಿಸಿ ಕುರ್ಚಿಯ ಅಂಚಿನಲ್ಲಿ ಕಿರುಬೆರಳನ್ನು ಎತ್ತಿದರು.

ಅವಳು ಮತ್ತೆ ತಟ್ಟಿದಳು.

“ಅಷ್ಟು ಚಿಕ್ಕದು, ಅದೂ ಮೂಲೆಯಲ್ಲಿ,” ಎಂದಳು, “ನಂಗೆ ಹೇಗ್ರೀ ಕಾಣ್ಬೇಕು?”