ಆನೆಯ ಅಂಗಿ ಮತ್ತು ಅಡುಗೆಮನೆಯ ಪೈಪು

"ಒಂದೇ ತಿಂಗಳು ಸಾಕು" ಎಂದು ಅಜ್ಜಿ ಸೊಸೆಯ ಮುಂದೆ ಘೋಷಿಸಿದರು. "ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭಾಷಾಶಾಸ್ತ್ರ ಹೇಳಿದವಳು ನಾನು. ಪಿಎಚ್‌ಡಿ ಪ್ರಬಂಧಗಳನ್ನೇ ತಿದ್ದಿದ ಕೈ ಇದು. ಆರು ವರ್ಷದ ಮಗುವಿಗೆ ಓದು ಕಲಿಸೋದು ಯಾವ ಬ್ರಹ್ಮವಿದ್ಯೆ?"

ಬ್ಯಾಂಕಿಗೆ ಹೊರಟಿದ್ದ ಸೊಸೆ ಬಾಗಿಲಲ್ಲೇ ನಿಂತು ಹೇಳಿದಳು: "ಸರಿ ಅತ್ತೆ. ತಿಂಗಳ ಕೊನೆಯ ಸೋಮವಾರ ಹೆಡ್ ಮೇಡಂ ಒಬ್ಬೊಬ್ಬರನ್ನೇ ಕರೆದು ಓದಿಸ್ತಾರಂತೆ. ತಡವರಿಸಿದ್ರೆ ಇನ್ನೊಂದು ವರ್ಷ ಒಂದನೇ ಕ್ಲಾಸಲ್ಲೇ ಕೂರಬೇಕು. ನೆನಪಿರಲಿ."

ಆ ಮನೆತನದಲ್ಲಿ ಒಂದನೇ ತರಗತಿಯನ್ನು ಎರಡು ಸಲ ಓದಿದ ಪ್ರಾಣಿ ಇದುವರೆಗೆ ಹುಟ್ಟಿರಲಿಲ್ಲ. ಅಜ್ಜಿ ಕೆಂಪು ಪೆನ್ಸಿಲು ಹೆರೆದುಕೊಂಡರು.

ಮೊಮ್ಮಗಳು ಚಿಟ್ಟುವಿನ ಪುಸ್ತಕ ತೆಳ್ಳಗಿತ್ತು. ಅಂಗಿ ಹೊಲಿಸಿಕೊಳ್ಳಲು ಹೊರಟ ಆನೆಯ ಕತೆ.

"ಆನೆ ದ... ದ..."

"ದರ್ಜಿಯ."

"ದರ್ಜಿಯ ಅಂಗ..."

"ಅಂಗಡಿಗೆ. ಮಧ್ಯೆ ಯಾಕೆ ಉಸಿರು ಬಿಟ್ಟೆ? ಮೊದಲಿಂದ ಓದು."

ಹತ್ತು ದಿನವಾದರೂ ಆನೆ ದರ್ಜಿಯ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಹನ್ನೆರಡನೆಯ ದಿನ ಚಿಟ್ಟು ಪುಸ್ತಕ ಮುಚ್ಚಿಟ್ಟಳು.

"ಅಜ್ಜಿ, ನಿಮಗೆ ಎಲ್ಲ ಬರುತ್ತಲ್ಲ. ನೀವೇ ಓದ್ಕೊಳ್ಳಿ."

ಅಲ್ಲಿಂದ ಮುಂದೆ ಗದರಿದರೂ ಇಲ್ಲ, ರಮಿಸಿದರೂ ಇಲ್ಲ. ಬಾಯಿಗೆ ಬೀಗ.

ಅಷ್ಟರಲ್ಲಿ ಅಡುಗೆಮನೆಯ ಸಿಂಕಿನ ಕೆಳಗೆ ನೀರು ತೊಟ್ಟಿಕ್ಕತೊಡಗಿತು. ಪ್ಲಂಬರ್ ಬಂದು ಕಪಾಟಿನೊಳಗೆ ತಲೆ ತೂರಿಸಿದ. ಹೊರಗೆ ಉಳಿದದ್ದು ಎರಡು ಕಾಲು ಮಾತ್ರ. ಚಿಟ್ಟು ಪುಸ್ತಕ ತಂದು ಆ ಕಾಲುಗಳ ಪಕ್ಕ ಕುಳಿತಳು.

"ಮಾಮ, ಕತೆ ಓದ್ಲಾ?"

"ಓದಮ್ಮ. ಕೈ ತಾನೆ ಕೆಲಸದಲ್ಲಿರೋದು, ಕಿವಿ ಖಾಲಿನೇ ಇದೆ."

"ಆನೆ ದ... ದರ್... ದ..."

ಅಜ್ಜಿ ಬಾಗಿಲಲ್ಲಿ ನಿಂತು ತುಟಿ ಕಚ್ಚಿದರು. ಕಪಾಟಿನೊಳಗಿನಿಂದ ಮಾತಿಲ್ಲ. ಅವಳು ಅಕ್ಷರದಲ್ಲಿ ಸಿಕ್ಕಿಕೊಂಡಿದ್ದಳು, ಅವನು ನಟ್ಟಿನಲ್ಲಿ. ಇಬ್ಬರಿಗೂ ಅವಸರವಿರಲಿಲ್ಲ.

"ದರ್ಜಿಯ ಅಂಗಡಿಗೆ ಬಂತು!"

"ಹೂಂ. ಆಮೇಲೆ?"

ಅರ್ಧ ಗಂಟೆಯಲ್ಲಿ ಆನೆ ಅಂಗಡಿ ಹೊಕ್ಕಿತು, ಅಳತೆ ಕೊಟ್ಟಿತು, ಗುಂಡಿ ಎಷ್ಟಿರಬೇಕೆಂದು ಜಗಳವನ್ನೂ ಆಡಿತು. ಒಬ್ಬ ಪ್ರಾಧ್ಯಾಪಕಿ ಹನ್ನೆರಡು ದಿನದಲ್ಲಿ ಮಾಡದ್ದನ್ನು ಒಂದು ಜೊತೆ ಕಾಲು ಮಾಡಿ ತೋರಿಸಿತ್ತು.

ಆದರೆ ಪೈಪು ರಿಪೇರಿಯಾಯಿತು, ಕಾಲುಗಳು ಎದ್ದು ಹೋದವು, ಪುಸ್ತಕ ಮತ್ತೆ ಮುಚ್ಚಿತು.

"ಇನ್ನೊಂದು ಪುಟ ಓದೇ" ಎಂದರು ಅಜ್ಜಿ.

"ಮಾಮ ಬಂದಾಗ."

ವಿದ್ವತ್ತು ಕೆಟ್ಟ ದಾರಿ ಹಿಡಿಯುವುದು ಇಂಥ ಹೊತ್ತಿನಲ್ಲೇ. ಅಜ್ಜಿ ಅಟ್ಟದಿಂದ ಸ್ಪ್ಯಾನರ್ ಇಳಿಸಿದರು. ಮೂರು ದಿನ ಕಳೆದ ಮೇಲೆ ಸಿಂಕಿನ ಪೈಪು ಮತ್ತೆ ಸೋರಿತು. ಆಮೇಲೆ ಬಚ್ಚಲಿನ ನಲ್ಲಿ. ಆಮೇಲೆ ಫ್ಲಶ್ ಟ್ಯಾಂಕು. ಪ್ಲಂಬರ್ ಬಂದಾಗಲೆಲ್ಲ ಆನೆ ಓಡುತ್ತಿತ್ತು. ಮೂರನೆಯ ಭೇಟಿಗೆ ಚಿಟ್ಟು ಎಲ್ಲೂ ಎಡವದೆ ಕೊನೆಯ ಪುಟ ಮುಟ್ಟಿದಳು. ಆದರೆ ಅವನು ಅತ್ತ ಹೋದರೆ ಇತ್ತ ತುಟಿ ಎರಡಾಗುತ್ತಿರಲಿಲ್ಲ. ಹೆಡ್ ಮೇಡಂ ಮುಂದೆ ಓದಿಸಲು ಪ್ಲಂಬರನ್ನು ಶಾಲೆಗೂ ಕಳಿಸಬೇಕೇ?

ಪರೀಕ್ಷೆಗೆ ಎರಡೇ ದಿನ ಉಳಿದ ಶನಿವಾರ. ಇನ್ನೊಂದು ಸಲ ಓದಿಸಿಬಿಡೋಣವೆಂದು ಅಜ್ಜಿ ಸಿಂಕಿನ ಕೆಳಗೆ ಬಗ್ಗಿದರು. ತಿರುಗಿಸಿದ್ದು ಬೇರೆ ನಟ್ಟು. ಪೈಪು ಕೈಗೇ ಬಂತು. ನೀರು ಕನ್ನಡಕವನ್ನು ಹಾರಿಸಿಕೊಂಡು ಚಾವಣಿಗೆ ನೆಗೆಯಿತು. ಸೊಸೆ ಬ್ಯಾಂಕಿನಿಂದ ಬಂದಾಗ ಚಪ್ಪಲಿಗಳು ತೇಲುತ್ತ ಬಾಗಿಲಿಗೆ ಬಂದು ಎದುರುಗೊಂಡವು.

"ಅತ್ತೆ, ಕೈಯಲ್ಲೇನದು?"

"ಸ್ಪ್ಯಾನರ್."

"ಅದು ಕಾಣಿಸ್ತಿದೆ. ಯಾಕೆ ಅಂತ ಕೇಳಿದ್ದು."

"ಭಾಷಾಬೋಧನೆಗೆ."

ಸೊಸೆ ಬಕೆಟ್ ತರಲು ಹೋದಳು. ಬೈದಿದ್ದರೆ ವಾಸಿಯಿತ್ತು.

ಓಡಿಬಂದ ಪ್ಲಂಬರ್ ನೀರು ನಿಲ್ಲಿಸಿ, ನಟ್ಟಿನ ಮೇಲಿನ ಗೀರುಗಳನ್ನು ನೋಡಿ, ಅಜ್ಜಿಯನ್ನೂ ನೋಡಿದ.

"ಅಮ್ಮಾ, ಎರಡನೇ ಸಲ ಬಂದಾಗಲೇ ಗೊತ್ತಾಗಿತ್ತು. ದೊಡ್ಡೋರು, ಹೇಗೆ ಹೇಳೋದು ಅಂತ ಸುಮ್ಮನಿದ್ದೆ. ಇನ್ನು ನನ್ನ ಕರೀಬೇಡಿ, ನೀವೇ ಕೂತು ಕೇಳಿ."

"ನನ್ನ ಮುಂದೆ ಅವಳು ಬಾಯೇ ಬಿಡಲ್ಲಪ್ಪ."

"ಹೇಗೆ ಬಿಡ್ತಾಳೆ? ಮಗು ಓದುವಾಗ ನೀವು ಬಾಗಿಲಲ್ಲಿ ನಿಂತು ಹಲ್ಲು ಕಡೀತಿದ್ರೆ ಒಳಗಿರೋ ನನಗೇ ಕೇಳಿಸ್ತಿತ್ತು. ಸ್ವಲ್ಪ ಬಾಯಿ ಮುಚ್ಕೊಂಡು... ತಪ್ಪು ತಿಳ್ಕೋಬೇಡಿ."

ಭಾನುವಾರ ಬೆಳಿಗ್ಗೆ ಅಜ್ಜಿ ಕೆಂಪು ಪೆನ್ಸಿಲನ್ನು ಕಸದ ಬುಟ್ಟಿಗೆ ಹಾಕಿ ಮೊಮ್ಮಗಳ ಎದುರು ಕುಳಿತರು.

"ಒಂದು ಮಾತೂ ಆಡಲ್ಲ. ಓದು."

ಚಿಟ್ಟು ಅನುಮಾನದಿಂದ ನೋಡಿದಳು. ಆಮೇಲೆ ಓದತೊಡಗಿದಳು. ದರ್ಜಿ, ಅಂಗಡಿ, ಅಳತೆಪಟ್ಟಿ, ಎಲ್ಲ ನೀರು ಹರಿದಂತೆ. ನಾಲ್ಕನೆಯ ಪುಟದಲ್ಲಿ ಆನೆಗೆ ಆರು ಕಾಲು ಬಂದವು. ಅಜ್ಜಿಯ ಬೆನ್ನಿನಲ್ಲಿ ಮಿಂಚು ಹರಿಯಿತು. ಕುರ್ಚಿಯ ಕೈ ಹಿಡಿದು ಸುಮ್ಮನಾದರು. ಏಳನೆಯ ಪುಟದಲ್ಲಿ ದರ್ಜಿ ಕತ್ತರಿಯನ್ನು ನುಂಗಿದ. ಅಜ್ಜಿ ಕಣ್ಣು ಮುಚ್ಚಿಕೊಂಡರು. ಕೊನೆಗೆ ಆನೆ ಅಂಗಿ ತೊಟ್ಟು ಮನೆಗೆ ಹೋಗುವ ಬದಲು ಮೇಘಕ್ಕೆ ಹೋಯಿತು. ಅದನ್ನೂ ನುಂಗಿಕೊಂಡರು. ಹೋಗಲಿ, ಹುಡುಗಿ ಒಂದು ಕಡೆಯೂ ನಿಲ್ಲಲಿಲ್ಲ. ನಾಳೆಯದು ಗೆದ್ದ ಹಾಗೆಯೇ. ಜೀವಮಾನದಲ್ಲಿ ಇಂಥ ಸಂಯಮ ತೋರಿಸಿದ್ದು ಇದೇ ಮೊದಲೆಂದು ಅವರಿಗೆ ತಮ್ಮ ಮೇಲೆಯೇ ಗೌರವ ಮೂಡಿತು.

ಚಿಟ್ಟು ಪುಸ್ತಕ ಮುಚ್ಚಿ ಅಜ್ಜಿಯ ಮುಖವನ್ನು ದಿಟ್ಟಿಸಿದಳು.

"ಅಜ್ಜಿ, ಮೂರು ಕಡೆ ಬೇಕಂತಲೇ ತಪ್ಪು ಓದಿದೆ. ನಿಮಗೆ ಒಂದೂ ಗೊತ್ತಾಗ್ಲಿಲ್ಲ. ಓದುವಾಗ ಗಮನ ಇಟ್ಟು ಕೇಳ್ಬೇಕು ಅಂತ ನಿಮ್ಮ ಕಾಲೇಜಲ್ಲಿ ಯಾರೂ ಹೇಳ್ಕೊಡ್ಲಿಲ್ವಾ?"