ಭಾವನ ಕಂಪ್ಯೂಟರ್ ಏಳಲೊಲ್ಲದ ದಿನ

ನಮ್ಮ ಭಾವ ಹುಟ್ಟಿದಾಗ ತಲೆಗೆ ಹಾಕಿದ ಕುಲಾವಿ ಇವತ್ತಿಗೂ ನಮ್ಮ ಮನೆಯಲ್ಲಿದೆ. ಅವರ ತಲೆ ದೊಡ್ಡದಾಗಿ ಅರವತ್ತು ವರ್ಷದ ಮೇಲಾಯಿತು ಎಂದು ಆ ಕುಲಾವಿಗೆ ಯಾರೂ ತಿಳಿಸಿಲ್ಲ. ಈಗ ಅದರೊಳಗೆ ಕಂಪ್ಯೂಟರಿನ ಸತ್ತ ಮೌಸುಗಳನ್ನು ಮಲಗಿಸಿದ್ದಾರೆ.

ಭಾವ ಅಂದರೆ ನನ್ನ ಗಂಡನ ಅಣ್ಣ. ಮದುವೆಯಾಗಲಿಲ್ಲ. ದೂರವಾಣಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ತೆಕ್ಕಟ್ಟೆಯ ನಮ್ಮ ಮನೆಯಲ್ಲೇ ಚಾವಡಿ ಪಕ್ಕದ ಕೋಣೆಯಲ್ಲಿದ್ದಾರೆ. ಕುಡಿಯುವುದಿಲ್ಲ, ಸಿಟ್ಟು ಮಾಡುವುದಿಲ್ಲ, ಸಾರಿಗೆ ಉಪ್ಪು ಹಾಕಲು ಮರೆತರೂ ಸುಮ್ಮನೆ ಉಂಡು ಏಳುತ್ತಾರೆ. ಇಷ್ಟೆಲ್ಲ ಕೊಟ್ಟ ದೇವರು ಬಿಸಾಡುವ ಬುದ್ಧಿ ಒಂದನ್ನು ಮಾತ್ರ ಕೊಡಲಿಲ್ಲ.

ಒಮ್ಮೆ ಅವರು ಕುಂದಾಪುರಕ್ಕೆ ಹೋದ ಹೊತ್ತು ನೋಡಿ, ಮುರಿದ ಏಳು ಕೊಡೆಗಳನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಸಂಜೆ ಭಾವ ಬಂದರು. ಕಂಕುಳಲ್ಲಿ ಏಳು ಕೊಡೆ! “ಹೆದ್ದಾರಿ ಬದಿಯಲ್ಲಿ ಒಂದ್ ಗುಜರಿ ಗಾಡಿ ಇತ್ತ್. ಎಂಥ ಒಳ್ಳೊಳ್ಳೆ ಕೊಡೆ ಮಾರಾಯ್ತಿ, ಯಾರೋ ತಲೆ ಸಮ ಇಲ್ದವ್ರ್ ಬಿಸಾಡಿದ್ರ್,” ಅಂದರು. ಒಂದರ ಹಿಡಿಗೆ ನಾನೇ ಸುತ್ತಿದ ಕೆಂಪು ದಾರವಿತ್ತು. ಅದು ಅವರ ಕಣ್ಣಿಗೆ ಬೀಳಲಿಲ್ಲ. ಅಷ್ಟಾದರೂ ದೇವರ ದಯೆ.

ಅವರ ಕಂಪ್ಯೂಟರೂ ಹೀಗೆಯೇ ಬಂದದ್ದು. ಯಾವುದೋ ಕಚೇರಿಯವರು ಹೊರಗೆ ಹಾಕಿದ್ದನ್ನು ರಿಕ್ಷಾದಲ್ಲಿ ತಂದು, ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಜೀವ ಬರಿಸಿದರು. ಊರಿನ ದೇವಸ್ಥಾನದ ಶಾಶ್ವತ ಪೂಜೆಯ ಪಟ್ಟಿ ಇರುವುದು ಅದರಲ್ಲಿ. ವರ್ಷಕ್ಕೊಂದು ಗೊತ್ತಾದ ದಿನ, ಒಮ್ಮೆ ಹಣ ಕಟ್ಟಿಟ್ಟವರ ಹೆಸರು ನಕ್ಷತ್ರ ಹೇಳಿ ಪೂಜೆ ಆಗಬೇಕು. ಯಾವ ದಿನ ಯಾರದ್ದು ಎಂದು ಹಿಂದಿನ ದಿನವೇ ಕಾಗದದಲ್ಲಿ ಇಳಿಸಿ ಭಟ್ಟರಿಗೆ ಮುಟ್ಟಿಸುವುದು ಭಾವನ ಕೆಲಸ. ಒಂದು ಹೆಸರು ತಪ್ಪಿದರೆ ಆ ಹೆಸರು ಮತ್ತೊಂದು ವರ್ಷ ಕಾಯಬೇಕು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಭಾವ ಊಟ ಮಾಡಿ, ಬಾಯಿಗೆ ಅಡಿಕೆ ಹಾಕಿಕೊಂಡು, ಕಂಪ್ಯೂಟರಿಗೆ ಹೊಸ ಕರ್ನಲ್ ಹಾಕಿದರು. ಕರ್ನಲ್ ಅಂದರೆ ಎಂತದು ಎಂದು ಹಿಂದೊಮ್ಮೆ ಕೇಳಿದ್ದೆ. “ಲಿನಕ್ಸಿನ ತಿರುಳ್, ಈ ಮನೆಯಲ್ಲಿ ನೀನ್ ಇಪ್ಪ ಹಾಂಗೆ. ಎಲ್ಲರಿಗೂ ಬೇಕಾದ್ದ್ ಕೊಡೂದ್ ಅದೇ, ಯಾರ ಕಣ್ಣಿಗೂ ಬೀಳೂದಿಲ್ಲೆ,” ಅಂದಿದ್ದರು. ಹೊಗಳಿದ್ದೋ ಅಲ್ಲವೋ, ಇನ್ನೂ ತೀರ್ಮಾನ ಮಾಡಿಲ್ಲ.

ಹಾಕಿ, ಆರಿಸಿ, ಪುನಃ ಹಚ್ಚಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಇಳಿದವು, ಒಂದು ಕಡೆ ನಿಂತವು. ಕಂಪ್ಯೂಟರ್ ಮತ್ತೆ ಏಳಲೇ ಇಲ್ಲ.

“ಎಂತ ಆಯ್ತ್ ಭಾವ?”

“ಕರ್ನಲ್ಲಿಗೆ ಗಾಬರಿ ಆಯ್ತಂಬ್ರ್. ಬರ್ದಿತ್ತ್ ಕಾಣ್.”

“ಅದಕ್ಕೇ ಗಾಬರಿ ಆದ್ರೆ ನಾವ್ ಎಂತ ಮಾಡೂದ್?”

ಭಾವ ಡಬ್ಬ ಬಿಚ್ಚಿದರು. ಒಳಗಿನ ಒಂದು ಹಸಿರು ಬಿಲ್ಲೆಯನ್ನು ಎಳೆದು ರಬ್ಬರಿನಿಂದ ಉಜ್ಜಿದರು. ಫ್ಯಾನಿನ ದೂಳು ಒರೆಸಿದರು. ಎಲ್ಲ ಪುನಃ ಸಿಕ್ಕಿಸಿದಾಗ ಎರಡು ಸ್ಕ್ರೂ ಹೆಚ್ಚಿಗೆ ಉಳಿದವು. ಅವು ಕುಲಾವಿಗೆ ಹೋದವು. ನಮ್ಮನೆಯವರು ಬಾಗಿಲಲ್ಲಿ ನಿಂತು, “ಅಣ್ಣ, ಒಂದ್ ಪೆಟ್ಟು ಕೊಟ್ಟ್ ಕಾಂಬನಾ?” ಎಂದು ಕೇಳಿದರು. ನಮ್ಮ ಮಿಕ್ಸಿ ಹಾಳಾದದ್ದು ಹಾಗೆಯೇ. ಅವರನ್ನು ಚಹಾ ಕುಡಿಯಲು ಒಳಗೆ ಕರೆದೆ.

ನಾಲ್ಕು ಗಂಟೆಗೆ ಭಾವನಿಗೆ ಭಟ್ಟರ ಫೋನು. “ಹ್ವಾಯ್, ನಾಳಿನ ಪಟ್ಟಿ ಎಲ್ಲಿ?”

“ಕಂಪ್ಯೂಟರ್ ಏಳ್ತಿಲ್ಲೆ ಭಟ್ರೆ.”

“ದೇವ್ರನ್ನ ನಾನ್ ಐದ್ ಗಂಟೆಗೆ ಏಳಿಸ್ತೆ. ನಿಮ್ಗೆ ಒಂದ್ ಡಬ್ಬ ಏಳಿಸೂಕ್ ಆತಿಲ್ಯಾ?”

“ಕಾಗದದ್ದ್ ಒಂದ್ ಪ್ರತಿ ಇಟ್ಕಣ್ಲಿಲ್ಯಾ ಭಾವ?” ಎಂದು ನಾನು ಕೇಳಿದೆ.

“ಇತ್ತ್. ಶುರುವಿಂದ ಎಲ್ಲಾ ವರ್ಷದ್ದೂ ಇತ್ತ್. ಅಟ್ಟದಲ್ಲಿ. ಎಲ್ಲಿ ಅಂತ ಮಾತ್ರ ಗೊತ್ತಿಲ್ಲೆ.”

ನಮ್ಮ ಅಟ್ಟ ನೋಡಿದವರು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಭಾವ ನೆನಪಿನಿಂದ ಬರೆಯಲು ಕೂತರು. ಒಂಬತ್ತು ಹೆಸರು ಬಂದವು. ಹನ್ನೆರಡೋ ಹದಿಮೂರೋ ಇರಬೇಕಿತ್ತಂತೆ. ಮರೆತದ್ದು ಬೊಂಬಾಯಿಯಲ್ಲಿರುವವರ ಹೆಸರಾದರೆ, ಹೇಳಿದರೂ ಬಿಟ್ಟರೂ ಅವರಿಗೆ ಗೊತ್ತಾಗುವುದಿಲ್ಲವಲ್ಲ ಎಂದೆ. “ನಂಗ್ ಗೊತ್ತಾತ್ತಲೆ,” ಅಂದರು.

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, “ಹೊಸ ಕರ್ನಲ್ ಬಂದ್ರೆ ಹಳೇದ್ ಎಲ್ಲಿಗ್ ಹೋತ್ತ್?”

“ಹೋಪುದೆಲ್ಲಿಗೆ? ಇತ್ತ್. ಕಂಪ್ಯೂಟರ್ ತಾನಾಗಿ ಹಳೇದನ್ನ ತೆಗೂಕ್ ಹೊರಡ್ತ್. ನಾನ್ ತೆಗ್ಯದ್ದ ಹಾಂಗ್ ಮಾಡಿ ಇಟ್ಟಿದೆ.”

“ಎಷ್ಟಿತ್ತ್?”

“ಹನ್ನೊಂದ್.”

“ಜಾಗ?”

“ಸಣ್ಣದೇ. ಡಬ್ಬದ ಒಳಗೆ ಬೇರೆಯೇ ಒಂದ್ ಕೋಣೆ ಅದಕ್ಕೆ.”

ಕಂಪ್ಯೂಟರ್ ನನಗೆ ತಿಳಿಯದು. ಭರಣಿ ತಿಳಿಯುತ್ತದೆ. “ಭಾವ, ಹನ್ನೊಂದ್ ವರ್ಷದ ಉಪ್ಪಿನಕಾಯಿ ತುಂಬಿಸಿಟ್ಟ ಭರಣಿಗೆ ಈ ವರ್ಷದ ಮಿಡಿ ಹಾಕಿದ್ರೆ ಅರ್ಧ ಹೊರಗೇ ಉಳೀತ್ತಲೆ,” ಅಂದೆ.

ಭಾವ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಜಾಗ ಸಾಲದೆ ಹೊಸದು ಅರ್ಧವೇ ಇಳಿದಿತ್ತು. ಅವಸರದಲ್ಲಿ ಅವರು ಅದನ್ನು ಗಮನಿಸಿರಲಿಲ್ಲ. ಪುನಃ ಹಚ್ಚಿ, ಯಾವುದೋ ಒಂದು ಕೀಲಿಯನ್ನು ಒತ್ತಿ ಹಿಡಿದರು. ಹನ್ನೊಂದು ಹಳೆಯವೂ ಪಂಕ್ತಿಗೆ ಕೂತ ಹಾಗೆ ಪರದೆಯ ಮೇಲೆ ಸಾಲಾಗಿ ಬಂದವು. ನಿನ್ನೆವರೆಗೆ ನಡೆಯುತ್ತಿದ್ದುದನ್ನು ಆಯ್ದುಕೊಂಡರು. ಕಂಪ್ಯೂಟರ್ ಏನೂ ಆಗದ ಹಾಗೆ ಎದ್ದಿತು.

ಭಾವ ನನ್ನ ಕಡೆ ತಿರುಗಿದರು. “ಕಂಡ್ಯಾ? ಬಿಸಾಡಿದ್ದಿದ್ರೆ ಎಂತ ಆತಿತ್ತ್?”

ಇಂಥವರ ಹತ್ತಿರ ಎಂತ ವಾದ ಮಾಡುವುದು? ಆದರೂ ಹೊಸದಕ್ಕೆ ಜಾಗ ಬೇಕಿತ್ತು. ಒಂಬತ್ತನ್ನು ತೆಗೆದರು. ಒಂದೊಂದಕ್ಕೂ ಎಂಟರ್ ಒತ್ತುವ ಮೊದಲು ಕಣ್ಣು ಮುಚ್ಚಿಕೊಂಡರು. ನಾನು ನಗಲಿಲ್ಲ. ಅದು ನನ್ನ ಪುಣ್ಯದ ಲೆಕ್ಕಕ್ಕೆ ಸೇರಬೇಕು.

ಪಟ್ಟಿ ಕಾಗದದಲ್ಲಿ ಇಳಿಯಿತು. ಹದಿಮೂರು ಹೆಸರು. ಅದರಲ್ಲಿ ನಾಲ್ಕರ ಮುಂದೆ ಸಣ್ಣದೊಂದು ಚುಕ್ಕಿ. ಒಂದು ಕಡೆ ‘ಅಕ್ಕು, ನಕ್ಷತ್ರ ಗೊತ್ತಿಲ್ಲ’ ಎಂದಿತ್ತು. ದೇವಸ್ಥಾನಕ್ಕೆ ಹೂ ಕಟ್ಟಿ ಕೊಡುತ್ತಿದ್ದ ಅಕ್ಕು. ನಾನು ಮದುವೆಯಾಗಿ ಬಂದ ಹೊಸತರಲ್ಲೇ ತೀರಿಹೋದವಳು.

“ಚುಕ್ಕಿ ಎಂತಕ್ಕೆ?”

“ಅವ್ರ್ ಕಡೆಯವ್ರ್ ಅಂತ ಈಗ ಯಾರೂ ಇಲ್ಲೆ. ದೇವಸ್ಥಾನದವ್ರ್ ಪಟ್ಟಿಯಿಂದ ತೆಗಿ ಅಂತ ಹೇಳ್ತಾ ಇದ್ರ್.”

“ತೆಗ್ದ್ರೆ ಎಂತ? ಹೇಗೂ ಇವತ್ತ್ ತೆಗೂಕ್ ಕೂತಿದ್ರಿ.” ತಮಾಷೆಗೇ ಹೇಳಿದೆ.

ಭಾವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. “ಅಕ್ಕುವಿನ ಹೆಸರ್ ಒಬ್ಬರ ಬಾಯಲ್ಲಿ ಬಪ್ಪುದ್ ವರ್ಷದಲ್ಲಿ ಅದೊಂದೇ ಸಲ ಮಾರಾಯ್ತಿ,” ಅಂದು, ಕೊಡೆ ಹುಡುಕಿಕೊಂಡು ಭಟ್ಟರ ಮನೆಗೆ ಹೊರಟರು.

ಮರುದಿನ ಬೆಳಿಗ್ಗೆ ನಾನೂ ದೇವಸ್ಥಾನಕ್ಕೆ ಹೋದೆ. ಭಟ್ಟರು ಒಬ್ಬೊಬ್ಬರದೇ ಹೆಸರು ಹೇಳಿ, ಮಂಗಳಾರತಿ ಮುಗಿಸಿ, ಪ್ರಸಾದಕ್ಕೆ ಪುನಃ ಹೆಸರು ಹಿಡಿದು ಕರೆದರು. ಚುಕ್ಕಿಯ ಹೆಸರು ಬಂದಾಗಲೆಲ್ಲ ಕಂಬದ ಪಕ್ಕದಿಂದ ಭಾವನ ಕೈ ಮುಂದೆ ಬರುತ್ತಿತ್ತು. ಇಷ್ಟು ವರ್ಷವೂ ಹೀಗೇ ನಡೆದಿತ್ತೆಂದು ಕಾಣುತ್ತದೆ. ಭಟ್ಟರೂ ಕೇಳದೆ ಕೊಡುತ್ತಿದ್ದರು. ಪ್ರಸಾದದ ಮೂರು ಎಲೆಚೂರು ಆಗಲೇ ಅವರ ಅಂಗೈಯಲ್ಲಿತ್ತು.

“ಅಕ್ಕು,” ಅಂದರು ಭಟ್ಟರು.

ನಾನು ಸೆರಗು ಸರಿ ಮಾಡಿಕೊಂಡು ಕೈ ಚಾಚಿದೆ. ಭಟ್ಟರು ನನ್ನ ಮುಖ ನೋಡಿದರು, ಭಾವನ ಮುಖ ನೋಡಿದರು.

“ಅಕ್ಕು ನಿಮ್ಗೆ ಎಂತ ಆಯ್ಕ್ ಅಮ್ಮ?”

“ನಮ್ಮನೆಯವ್ಳೇ,” ಅಂದೆ.