ಇಪ್ಪತ್ತು ದಿನ ಬಾಯಿ ಬಿಡದ ಮೀನು

ಅಂಗಡಿಯಲ್ಲಿ ಮೀನು ಸಾಕಿದವನಿಗೆ ತಮಾಷೆ ತಪ್ಪಿದ್ದಲ್ಲ. ಬೇಡವೆಂದರೂ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ.

ನಾನು ಶಹಾಪುರದಲ್ಲಿ ದರ್ಜಿ. ನಲವತ್ತು ವರ್ಷದಿಂದ ಹೆಣ್ಣುಮಕ್ಕಳ ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದೇನೆ. ಕೆಲಸದ ಹೊತ್ತಿನಲ್ಲಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಇರುತ್ತವೆ. ಹಾಗಾಗಿ ಮಾತು ಕಡಿಮೆ. ಕಾಯುತ್ತ ಕೂತವರಿಗೆ ಮಾತು ಬೇಕು. ಅವರಿಗೆ ನೋಡಲು ಏನಾದರೂ ಇಡಿ ಎಂದಳು ಹೆಂಡತಿ. ಮೀನು ತರಲು ಯಾದಗಿರಿಗೆ ಹೋದೆ.

೧. ಕೆಟ್ಟ ನೀರು

ಮೀನಿನ ಅಂಗಡಿಯವನು ಮೊದಲು ಕೇಳಿದ್ದು ನಿಮ್ಮ ನೀರು ಹೇಗಿದೆ ಎಂದು.

‘ಕೆಟ್ಟದು’ ಎಂದೆ.

ಬಿಡಿಸಿ ಹೇಳಿ ಎಂದ. ಹೇಳಿದೆ. ಬೋರಿನ ನೀರು. ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಬೇಳೆ ಬೇಯುವುದಿಲ್ಲ. ಸೋಪು ನೊರೆ ಬಿಡುವುದಿಲ್ಲ.

ಅವನ ಮುಖ ಅರಳಿತು. ಆಫ್ರಿಕಾದ ಸರೋವರದಿಂದ ಬಂದ ಹಳದಿ ಮೀನು ತೋರಿಸಿದ. ಸಿಕ್ಲಿಡ್ ಎಂದು ಅದರ ಜಾತಿ. ಅವುಗಳ ಊರಿನ ನೀರೂ ಇಂಥದ್ದೇ ಗಡಸಂತೆ. ಮೆತ್ತಗಿನ ನೀರಿದ್ದ ಊರಿನವರು ಪುಡಿ ಬೆರೆಸಿ ಗಡಸು ಮಾಡುತ್ತಾರಂತೆ. ಮನೆ ಮಾಡಿಕೊಳ್ಳಲು ಸುಣ್ಣದ ಕಲ್ಲೂ ಬೇಕು ಎಂದು ಒಂದು ಚೂರು ಕೈಗಿಟ್ಟ. ದೂರದಿಂದ ತರಿಸಿದ್ದು ಎಂದ. ತಿರುಗಿಸಿ ನೋಡಿದೆ. ನಮ್ಮ ಬಚ್ಚಲ ಹಾಸಿನ ಶಹಾಬಾದ್ ಫರಸಿ.

ಮೀನು ಮಾತ್ರ ತಂದೆ. ಹಿತ್ತಲಲ್ಲಿ ಒಡೆದು ಬಿದ್ದಿದ್ದ ಫರಸಿಯನ್ನು ಗಾಜಿನ ತೊಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟು ಗವಿ ಮಾಡಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದೆ. ತಿನ್ನಲು ಚಿಟಿಕೆಯಷ್ಟೇ ಹಾಕಿದೆ. ಮೂರು ತಿಂಗಳಲ್ಲಿ ಅವು ಹೆಬ್ಬೆರಳುದ್ದ ಬೆಳೆದವು. ಬಣ್ಣ ನೋಡಿದರೆ ಈಗಷ್ಟೇ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ. ನಾವು ಹುಟ್ಟಿದಾಗಿನಿಂದ ಬೈದ ನೀರು. ಸಮುದ್ರ ದಾಟಿ ಬಂದ ಜೀವ ಅದನ್ನೇ ತವರು ಅಂದುಕೊಂಡಿತ್ತು. ನಾನು ಕತ್ತರಿ ಕೆಳಗಿಟ್ಟು ನೋಡುತ್ತ ನಿಲ್ಲುತ್ತಿದ್ದೆ.

ಹೆಂಡತಿಯೂ ನಿಂತು ನೋಡಿದಳು.

‘ನಾನೂ ಇದೇ ನೀರು ಕುಡದು ನಲವತ್ತು ವರ್ಷ ಆತು. ನನ್ನ ಮುಂದ ಒಂದಿನಾನೂ ಹಿಂಗ ನಿಂತಿಲ್ಲ ನೀವು’ ಎಂದಳು.

೨. ಚೀಟಿ

ಒಂದು ಹೆಣ್ಣು ಮೀನು ತಿನ್ನುವುದನ್ನು ಬಿಟ್ಟಿತು. ಗದ್ದ ಊದಿತ್ತು. ರೋಗ ಎಂದು ತಿಳಿದು ಯಾದಗಿರಿಗೆ ಫೋನು ಮಾಡಿದೆ. ರೋಗ ಅಲ್ಲ, ಬಾಯಲ್ಲಿ ತತ್ತಿ ಇವೆ ಎಂದ ಅಂಗಡಿಯವನು. ಅಲ್ಲೇ ಮರಿಯಾಗಿ, ಕಣ್ಣು ಬಾಲ ಬಂದು, ಈಜಲು ಬರುವತನಕ ತಾಯಿ ಬಾಯಿ ಬಿಡುವುದಿಲ್ಲವಂತೆ. ಸುಮಾರು ಇಪ್ಪತ್ತು ದಿನ. ಒಂದು ಕಾಳು ತಿನ್ನುವುದಿಲ್ಲ. ಹೆದರಿಸಿದರೆ ಮಾತ್ರ ತತ್ತಿಯನ್ನು ನುಂಗಿಬಿಡುತ್ತದಂತೆ.

ಅಷ್ಟು ಹೇಳುವುದರೊಳಗೆ ಯಾರೋ ಬಳೆ ಕೈಯಿಂದ ಗಾಜು ಬಡಿದರು. ಮೀನು ನುಂಗಿತು. ಗದ್ದ ಸಪಾಟಾಯಿತು.

ಆ ದಿನ ಕುಬಸದ ಒಂದು ತೋಳನ್ನು ತಿರುವುಮುರುವು ಹೊಲಿದೆ.

ಎರಡು ತಿಂಗಳ ಮೇಲೆ ಮತ್ತೆ ಗದ್ದ ಊದಿತು. ಈ ಸಲ ಚೀಟಿ ಬರೆದೆ. ‘ಗಾಜು ಬಡಿಯಬಾರದು.’ ಎಲ್ಲರಿಗೂ ಕಾಣಲಿ ಎಂದು ಗಾಜಿಗೇ ಅಂಟಿಸಿದೆ.

ಸುರಪುರದಿಂದ ಒಬ್ಬ ಮಾಸ್ತರು ಹೆಂಡತಿಯ ಕುಬಸ ಒಯ್ಯಲು ಬಂದರು. ಚೀಟಿ ಕಂಡರು. ಒಂದನೇ ತರಗತಿಗೆ ಕಲಿಸುವವರು. ಒಂದೊಂದು ಅಕ್ಷರದ ಮೇಲೂ ಬೆರಳಿನಿಂದ ಟಕ್ ಟಕ್ ಬಡಿಯುತ್ತ ಗಟ್ಟಿಯಾಗಿ ಓದಿದರು.

ಓದಿ ಮುಗಿಸಿ ನನ್ನ ಕಡೆ ತಿರುಗಿ, ‘ಛಲೋ ಬರದೀರಿ. ಆದ್ರ ಓದೋರು ಯಾರು?’ ಎಂದರು.

ಮೀನು ಎರಡನೇ ಸಲ ನುಂಗಿತ್ತು. ನಾನು ಚೀಟಿ ಕಿತ್ತೆ.

೩. ಉಪವಾಸ

ಮೂರನೇ ಸಲ ಗದ್ದ ಊದಿದಾಗ ಆ ಮೀನನ್ನು ಬೇರೆ ಸಣ್ಣ ತೊಟ್ಟಿಗೆ ಇಳಿಸಿ, ಅದರಲ್ಲೂ ಫರಸಿಯ ಗವಿ ಮಾಡಿ, ನನ್ನ ಮಷೀನಿನ ಪಕ್ಕದಲ್ಲೇ ಇಟ್ಟುಕೊಂಡೆ. ಮೂರು ಕಡೆ ಹಳೆ ಅಸ್ತರು ಬಟ್ಟೆ ಇಳಿಬಿಟ್ಟೆ. ಈ ಸಲವೂ ನುಂಗಿದರೆ ಮೀನನ್ನೇ ತಿರುಗಿ ಕೊಟ್ಟುಬರುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿದ್ದೆ. ಮೂರನೆಯದನ್ನು ನೋಡುವ ಶಕ್ತಿ ಇರಲಿಲ್ಲ.

ಕೊಂಕಲ್ ಊರಿನ ಒಬ್ಬ ಅಜ್ಜಿ ಮೊಮ್ಮಗಳ ಮದುವೆಯ ಕುಬಸ ಹೊಲಿಯಲು ಹಾಕಿದ್ದಳು. ನನಗಿಂತ ಹತ್ತು ವರ್ಷ ಹಿರಿಯಳು. ಬಾಯಿ ಜೋರು. ಪರದೆ ಯಾಕೆ ಎಂದು ಕೇಳಿದಳು.

‘ಬಾಯಾಗ ಮಕ್ಕಳವ’ ಎಂದೆ.

‘ಉಣ್ಣೂದು?’

‘ಇಲ್ಲ. ಇಪ್ಪತ್ತು ದಿನ.’

ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದಳು. ಸೆರಗು ತಲೆ ಮೇಲೆ ಎಳೆದುಕೊಂಡಳು.

‘ನಾವು ಏಕಾದಶಿ ದಿನ ಶೇಂಗಾದುಂಡಿ, ಬಾಳಿಹಣ್ಣು, ಸಾಬೂದಾಣಿ ತಿಂದು, ಸಂಜೀಕ ತಲಿ ತಿರಗತದ ಅಂತೀವಿ’ ಎಂದು ಎದ್ದಳು.

ಸುದ್ದಿ ಓಣಿಯೆಲ್ಲ ಹರಡಿತು. ಎದುರಿನ ಚಹಾದಂಗಡಿಯವನು ಒಂದು ಕ್ಯಾನು ಫಿಲ್ಟರ್ ನೀರು ಹೊತ್ತು ತಂದ. ಬಸುರಿ ಮೀನಿಗೆ ಬೋರಿನ ನೀರು ಸಲ್ಲದು ಎಂದು ಮುಚ್ಚಳ ತೆಗೆದೇಬಿಟ್ಟ. ನಾನು ಕೈ ಹಿಡಿದೆ. ಅದಕ್ಕೆ ನಮ್ಮ ನೀರೇ ಆಗಬೇಕು, ಇದನ್ನು ಸುರಿದರೆ ಕೆಡುತ್ತದೆ ಎಂದೆ. ಅವನಿಗೆ ನೋವಾಯಿತು.

‘ಕಾಕಾ, ನಮ್ಮ ಚಹಾಕ್ಕೂ ಹಾಕದ ನೀರು ತಂದೀನ್ರಿ’ ಎಂದ.

ಅವನ ಚಹಾ ಹಾಗೇಕೆ ಇರುತ್ತದೆ ಎಂದು ಹದಿನೈದು ವರ್ಷ ಕುಡಿದ ಮೇಲೆ ತಿಳಿಯಿತು.

೪. ಶಾಸ್ತ್ರ

ಹದಿನಾಲ್ಕನೇ ದಿನ ಅಜ್ಜಿ ನಮ್ಮ ಓಣಿಯ ಐದು ಮಂದಿ ಮುತ್ತೈದೆಯರನ್ನು ಕರೆದುಕೊಂಡು ಬಂದಳು. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಬಳೆ, ಕುಬಸಕ್ಕೆ ಹಸಿರು ಖಣ ಕೊಟ್ಟು ಶಾಸ್ತ್ರ ಮಾಡುತ್ತಾರೆ. ಅದನ್ನು ಮೀನಿಗೆ ಮಾಡಬೇಕೆಂದರು. ಬೇಡ ಎನ್ನಲು ಬಾಯಲ್ಲಿ ಸೂಜಿ ಇದ್ದವು. ತುಟಿಯ ಮೇಲೆ ಬೆರಳಿಟ್ಟೆ, ಅಷ್ಟೆ. ಅವರು ತಿಳಿದುಕೊಂಡರು. ಆರತಿಯನ್ನು ಬಾಗಿಲಲ್ಲೇ ಬೆಳಗಿದರು. ಸೋಬಾನೆಯನ್ನು ಪಿಸುಮಾತಿನಲ್ಲಿ ಹಾಡಿದರು. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಪಿಸುಮಾತು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೀನು ಫರಸಿಯ ಗವಿಯೊಳಗೆ ಅಲುಗದೆ ಇತ್ತು. ಗದ್ದದ ತೆಳು ತೊಗಲಿನ ಆಚೆ ಕಪ್ಪು ಚುಕ್ಕೆಗಳು ಹೊರಳಿದವು. ಕಣ್ಣುಗಳು. ಎಲ್ಲರೂ ಕಂಡರು. ಹಾಡು ನಿಂತಿತು.

ಹೋಗುವಾಗ ಅಜ್ಜಿ ಹಸಿರು ಖಣ ನನ್ನ ಕೈಗಿಟ್ಟು ಹೊಲಿ ಎಂದಳು. ಅಳತೆ ಯಾರದು ಎಂದು ಕೇಳಿದೆ. ಮೀನಿನ ತಾಯಿ ಸ್ಥಾನದವಳು ನಿನ್ನ ಹೆಂಡತಿ, ಅವಳದೇ ಎಂದಳು.

ಹೆಂಡತಿ ಹೊಸ ಕುಬಸ ತೊಟ್ಟು ಓಣಿಯಲ್ಲಿ ಮೂರು ಸುತ್ತು ಬಂದಳು. ‘ನನ್ನ ಗಂಡ ದರ್ಜಿ ಅನ್ನೂದು ಮೀನು ಬಸುರಾದ ಮ್ಯಾಲೆ ಗೊತ್ತಾತು’ ಎಂದು ಮನೆಮನೆಗೂ ಹೇಳಿದಳು.

೫. ಬಾಯಿ ಬಿಟ್ಟಿತು

ಇಪ್ಪತ್ತು ಕಳೆಯಿತು. ಇಪ್ಪತ್ತೊಂದೂ ಕಳೆಯಿತು. ಇಪ್ಪತ್ತೆರಡನೇ ದಿನ ಮಧ್ಯಾಹ್ನ ಅಜ್ಜಿ ಮದುವೆಯ ಕುಬಸಕ್ಕೆ ಕಾಯುತ್ತ ಕೂತಿದ್ದಳು. ನಾನು ಮೇಜಿನ ಮೇಲೆ ತೋಳಿಗೆ ಅಂಚು ಕೂಡಿಸುತ್ತಿದ್ದೆ. ಬಾಯಲ್ಲಿ ಎಂದಿನಂತೆ ನಾಲ್ಕು ಸೂಜಿ.

‘ತಮ್ಮಾ, ಇಲ್ಲಿ ನೋಡು’ ಎಂದಳು ಅಜ್ಜಿ. ಮೆಲ್ಲಗೆ.

ಮೀನು ಗವಿಯ ಹೊರಗೆ ಬಂದಿತ್ತು. ಬಾಯಿ ತುಸು ತೆರೆಯಿತು. ಜೋಳದ ಕಾಳಿನಷ್ಟು ಒಂದು ಮರಿ ಹೊರಗೆ ಬಂತು. ಅದಕ್ಕೆ ಕಣ್ಣಿದ್ದವು, ಬಾಲ ಇತ್ತು, ಹಳದಿಯೂ ಇತ್ತು. ಕಲಿಯುವುದೇನೂ ಉಳಿದಿರಲಿಲ್ಲ. ಹಿಂದೆ ಇನ್ನೊಂದು. ಆಮೇಲೆ ಒಟ್ಟಿಗೆ ಹತ್ತಾರು.

ಆಗಲೇ ಹೊರಗೆ ಟಂಟಂ ಗಾಡಿ ಹಾರ್ನು ಬಾರಿಸಿತು. ಮರಿಗಳೆಲ್ಲ ಒಂದೇ ಏಟಿಗೆ ತಾಯಿಯ ಬಾಯೊಳಗೆ ನುಗ್ಗಿದವು. ಬಾಯಿ ಮುಚ್ಚಿತು.

ಮೂರನೇ ಸಲ. ಅಜ್ಜಿ ನನ್ನ ತೋಳು ಹಿಡಿದಳು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ದಿನದ ಹಸಿವಲ್ಲ, ಇಪ್ಪತ್ತೆರಡು ದಿನದ್ದು. ಬಾಯಿ ತುಂಬ ತುತ್ತು.

ನುಂಗಲಿಲ್ಲ. ಗಾಡಿ ದೂರ ಹೋಗುವವರೆಗೆ ಕಾಯಿತು. ಆಮೇಲೆ ಮತ್ತೆ ಬಾಯಿ ತೆರೆದು, ಎಲ್ಲವನ್ನೂ ನೀರಿಗೆ ಬಿಟ್ಟಿತು. ನಮ್ಮ ಕೆಟ್ಟ ನೀರಿಗೆ.

ನನ್ನ ಬಾಯಿ ತಾನಾಗಿಯೇ ತೆರೆಯಿತು. ನಾಲ್ಕೂ ಸೂಜಿ ನೆಲದ ಫರಸಿಯ ಮೇಲೆ ಟಣ್ ಎಂದು ಬಿದ್ದವು.

ಅಜ್ಜಿ ಕೆಳಗೆ ನೋಡಿದಳು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದಳು.

‘ನೋಡವಾ ತಂಗಿ, ಮೀನು ಬಾಯಿ ಬಿಟ್ಟರ ಮಕ್ಕಳು ಬಂದವು. ನಲವತ್ತು ವರ್ಷಕ್ಕ ನಿನ್ನ ಗಂಡ ಬಾಯಿ ಬಿಟ್ಟ, ಬರೇ ಸೂಜಿ.’